ಗಾಜಿನ ಮ್ಯಾಲಿನ ಬೊಟ್ಟು

ನಾಸಿಕ, ೧೨ ಜನವರಿ ೨೦೨೫, ಐತವಾರ

ಗೆದ್ದೆ! ಅಪ್ಪನ ವಾಲ್ವ್ ರೇಡಿಯೋ ಮಾತಾಡ್ತು. ಸಂಭಾಜಿನಗರದ ಗುಜರಿಯೊಳಗ ಸಿಕ್ಕ ವಾಲ್ವ್ ಹಾಕಿ, ಕಟ್ಟಿಗಿಗೆ ಮೊದಲಿನ ಬಣ್ಣಾನೇ ಹಚ್ಚೀನಿ. ಡಯಲ್ ಗಾಜಿನ ಮ್ಯಾಲಿನ ಹಳೇ ಕುಂಕುಮದ ಬೊಟ್ಟು ಮಾತ್ರ ಒರೆಸಲಿಕ್ಕೆ ಯಾಕೋ ಮನಸ್ಸಾಗಲಿಲ್ಲ.

ಅದಕ್ಕ ಹೆಂಡತಿ ತಮ್ಮ ಶಶಿಕಾಂತ ಇಡೀ ದಿನ ತಲಿ ತಿಂದ. "ಮಾಮಾ, ಒರಿಜಿನಲ್ ಅಂತೀರಿ, ಕಂಪನಿಯವ್ರು ಕುಂಕುಮ ಹಚ್ಚಿ ಕಳಿಸಿದ್ರೇನ್ರಿ?" ಅಂತ ಒರಸೋ ಅರಿವಿ ಹಿಡಕೊಂಡೇ ನಿಂತಿದ್ದ.

ಸಂಜೀಕ ಅವ್ವ ಬಂದು ಮುಂದ ಕುಂತಳು. ಯಾರನ್ನೂ ಕೇಳಲಿಲ್ಲ, ಮುಳ್ಳು ಸೀದಾ ಬೊಟ್ಟಿನ ತನಕ ತಿರುವಿದಳು. ಗರಗರ ಸಪ್ಪಳ ನಿಂತು ಧಾರವಾಡ ಕೇಂದ್ರ ಬಂತು, ಅಚ್ಚ ಕನ್ನಡದಾಗ!

"ನನಗ ಓದಲಿಕ್ಕೆ ಬರಂಗಿಲ್ಲಂತ ನಿಮ್ಮಪ್ಪ ಈ ಬೊಟ್ಟು ಇಟ್ಟಿದ್ರು," ಅಂದಳು.

ಶಶಿಕಾಂತ ಅರಿವಿ ಕಿಸೆದಾಗ ತುರುಕಿಕೊಂಡ. ನಾ ಆವಾಜ್ ಇನ್ನಷ್ಟು ಏರಿಸಿದೆ.