ತೊಟ್ಟಿಲ ಕೊಕ್ಕೆ ಬೇಡ

ಪಾಂಡವಪುರ
ಬುಧವಾರ

ಪ್ರಿಯ ಸ್ನೇಹ ಅವರಿಗೆ,

ಹಿತ್ತಿಲಲ್ಲಿ ಕಟ್ಟಿಸುತ್ತಿರುವ ಮಲಗುವ ಕೋಣೆಗೆ ನೀವು ಕಳಿಸಿದ ಡಿಸೈನ್ ನೋಡಿದೆ. ನನ್ನದು ಅಪರೂಪದ ಮಿನಿಮಲಿಸ್ಟ್ ಅಭಿರುಚಿ ಎಂದು ಹೊಗಳಿದ್ದೀರಿ. ಅದು ಅಭಿರುಚಿಯಲ್ಲ. ಬೆಟ್ಟದ ಕ್ವಾರಿಯಲ್ಲಿ ಕಲ್ಲು ಸಿಡಿಸಿದಾಗಲೆಲ್ಲ ನಮ್ಮ ಮನೆ ನಡುಗುತ್ತದೆ. ಗೋಡೆಗೆ ಕನ್ನಡಿ, ತಲೆಯ ಮೇಲೆ ಸಜ್ಜಾ ಯಾವುದೂ ಬೇಡವೆಂದದ್ದು ಅದಕ್ಕೇ.

ಒಂದು ಬದಲಾವಣೆ ಮಾಡಬೇಕು. ನಮ್ಮ ಅತ್ತೆ ಹೇಳಿದರೆಂದು ತಾರಸಿಗೆ ತೊಟ್ಟಿಲು ಕಟ್ಟುವ ಕೊಕ್ಕೆ ಸೇರಿಸಿದ್ದೀರಿ. ದಯವಿಟ್ಟು ಅದನ್ನು ತೆಗೆದುಬಿಡಿ.

ಈಗಿನ ಕೋಣೆಯಲ್ಲೂ ಅಂಥದೊಂದು ಕೊಕ್ಕೆಯಿದೆ. ಹೋದ ವಾರ ಅತ್ತೆ ನಮ್ಮ ಮನೆಯ ಹಳೇ ತೊಟ್ಟಿಲನ್ನು ಒರೆಸಿ ಅದಕ್ಕೆ ನೇತುಹಾಕಿದ್ದರು. ಮಧ್ಯಾಹ್ನ ಬೆಟ್ಟದಲ್ಲಿ ಕಲ್ಲು ಸಿಡಿದ ಸದ್ದಾಯಿತು. ನಾವಿಬ್ಬರೂ ಬಾಗಿಲಲ್ಲೇ ನಿಂತಿದ್ದೆವು. ಖಾಲಿ ತೊಟ್ಟಿಲು ತಾನಾಗಿ ತೂಗತೊಡಗಿತು.

ಖಾಲಿ ತೊಟ್ಟಿಲು ತೂಗಿದರೆ ಮಗುವಿಗೆ ಒಳ್ಳೆಯದಲ್ಲ ಎಂದು ನಂಬಿದವರು ಅವರು. “ಯಾರೂ ಮುಟ್ನಿಲ್ಲ ಕಣವ್ವ, ಅದೆಂಗೆ ತೂಗ್ತಾದೆ?” ಎಂದು ನನ್ನ ಕೈ ಹಿಡಿದುಕೊಂಡರು. ಅವರು ತೊಟ್ಟಿಲನ್ನೇ ನೋಡುತ್ತಿದ್ದರು. ನಾನು ಮೇಲೆ ನೋಡಿದೆ. ಕೊಕ್ಕೆಯ ಸುತ್ತ ಗಾರೆ ಬಿರುಕು ಬಿಟ್ಟಿತ್ತು. ಅವರಿಗೆ ಹೇಳಲಿಲ್ಲ.

ನನಗೀಗ ಏಳು ತಿಂಗಳು. ಮಗು ನನ್ನ ಪಕ್ಕದಲ್ಲೇ ಮಲಗಲಿ.

ಬಾಗಿಲು ಹೊರಗಡೆಗೆ ತೆರೆಯುವಂತಿರಲಿ. ಬಾಗಿಲ ಪಕ್ಕದ ಮೂಲೆ ಖಾಲಿ ಕಾಣುತ್ತದೆಂದು ಹೂಕುಂಡ ಬರೆದಿದ್ದೀರಲ್ಲ, ಅದೂ ಬೇಡ. ಮಂಚದಿಂದ ಬಾಗಿಲವರೆಗೆ ಏನನ್ನೂ ಇಡಬೇಡಿ. ಮಗುವನ್ನು ಎತ್ತಿಕೊಂಡು ಕಣ್ಣು ಮುಚ್ಚಿ ಓಡಿದರೂ ನನ್ನ ಕಾಲಿಗೆ ಏನೂ ಸಿಗಬಾರದು.

ಇಂತಿ,
ಇಂಪನ