ಕೊನೆಯ ಚೀಲದ ಲಿಂಬೆಹಣ್ಣು

ಇಂಡಿ
೧೧ ಮಾರ್ಚ್ ೨೦೨೫, ಮಂಗಳವಾರ

ನನ್ನ ನಜಮಾಗೆ, ಶಂಕ್ರೆವ್ವನ ನೆನಪುಗಳು.

ರಂಜಾನಿನ ರೋಜಾ ಹಿಡಿದಿರುತ್ತೀ, ತಾಳಿಕೋಟೆಯ ಬಿಸಿಲಲ್ಲಿ ತಿರುಗಬೇಡ. ನಾಲ್ಕು ತಿಂಗಳಿಂದ ನನ್ನ ಫೋನ್ ಎತ್ತುತ್ತಿಲ್ಲ ನೀನು. ಸಿಟ್ಟು ಮೂಗಿನ ತುದಿಯಲ್ಲೇ ಇಟ್ಟುಕೊಂಡವಳು. ಅದಕ್ಕೇ ಈ ಕಾಗದ.

ನಮ್ಮ ಅಡತಿ ಅಂಗಡಿಯಲ್ಲಿ ಲಿಂಬೆ ಆರಿಸುವ ಎರಡನೇ ಯಂತ್ರ ಬರುತ್ತಿದೆ. ಅದರ ಪಕ್ಕ ನಿಲ್ಲಲು ಒಬ್ಬರು ಬೇಕು. ಶ್ರೀಶೈಲ ಸಾವುಕಾರರಿಗೆ ಗಂಟುಬಿದ್ದು ನಿನ್ನನ್ನೇ ಕರೆಸಲು ಒಪ್ಪಿಸಿದ್ದೇನೆ. ನೀನು ಬರಬೇಕು.

ತಲೆಯ ಮೇಲಿನ ತೊಲೆಗೆ ಕ್ಯಾಮೆರಾ ಕಟ್ಟಿ, ಎರಡು ತಿಂಗಳು ನಮ್ಮಿಬ್ಬರ ಕೈ ನೋಡಿ ಕಲಿತ ಯಂತ್ರವಲ್ಲವೇ ಮೊದಲಿನದು? ಅದು ಹೆಚ್ಚು ಕಲಿತದ್ದು ನಿನ್ನನ್ನು. ಡಾಗು ಬಿದ್ದ ಹಣ್ಣನ್ನು ತಳ್ಳುವಾಗ ನಿನ್ನಷ್ಟೇ ಧಿಮಾಕು. ಹೊರ್ತಿ ಬಸ್ಸಿನಲ್ಲಿ ನನಗೆ ಹೊಟ್ಟೆ ತೊಳಸುತ್ತದೆಂದು ಸಂಜೆಯ ಕೊನೆಯ ಚೀಲದಿಂದ ಒಂದು ಚೆಂದದ ಹಣ್ಣು ನನ್ನ ಕಡೆ ಉರುಳಿಸುತ್ತಿದ್ದೆಯಲ್ಲ, ಅದನ್ನೂ ಕಲಿತುಬಿಟ್ಟಿತು. "ಚಲೋ ಹಣ್ಣು ಬಾಜೂಕ ಯಾಕ ಹೊಂಟೈತಿ?" ಎಂದು ಸಾವುಕಾರರು ಕೂಗಾಡಿದರು. ವಿಡಿಯೊದಲ್ಲಿ ನಿನ್ನ ಕೈ ಗುರುತಿಸಿ ನಿನ್ನನ್ನು ಕೆಲಸ ಬಿಡಿಸಿದರು. ಹಣ್ಣು ನನಗಾಗಿ ಎಂದು ನಾನು ಬಾಯಿ ಬಿಡಲಿಲ್ಲ. ನಿನ್ನ ಸಿಟ್ಟು ನ್ಯಾಯವೇ.

ನೀನು ಹೋದ ಮೇಲೂ ಯಂತ್ರ ಆ ರೂಢಿ ಬಿಡಲಿಲ್ಲ. ರಿಪೇರಿಯವರು ಮೂರು ಸಲ ಬಂದು ಸೋತರು. ದಿನಾ ಐದೂವರೆಗೆ ಒಂದು ಹಣ್ಣು ಉರುಳಿ ಬರುತ್ತಿತ್ತು, ನಾನು ಸೆರಗಿನಲ್ಲಿ ಕಟ್ಟಿಕೊಳ್ಳುತ್ತಿದ್ದೆ. ಮಾತಿಲ್ಲ, ಕತೆಯಿಲ್ಲ, ಆದರೂ ಪಕ್ಕದಲ್ಲಿ ಯಾರೋ ಇದ್ದಾರೆ ಅನಿಸುತ್ತಿತ್ತು.

ಹೋದ ಸೋಮವಾರ ಪುಣೆಯಿಂದ ಬಂದ ಹುಡುಗಿಯೊಬ್ಬಳು ಅದನ್ನು ಸರಿಪಡಿಸಿದಳು. ಸಂಜೆ ನಾನು ಕೈಯೊಡ್ಡಿ ನಿಂತೆ. ಹಣ್ಣೆಲ್ಲ ಮುಂದೆ ಹೋಯಿತು. ಚೀಲಗಳ ಹಿಂದೆ ಹೋಗಿ ಅತ್ತುಬಿಟ್ಟೆ ನಜಮಾ. ಐವತ್ತೆರಡು ವರ್ಷದ ಹೆಂಗಸು, ಒಂದು ಲಿಂಬೆಹಣ್ಣಿಗಾಗಿ.

ಬೆಳಗಿನಿಂದ ಸಂಜೆಯವರೆಗೆ ಇಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರಿಲ್ಲ. ಬಂದುಬಿಡು.

ನಿನ್ನ ದಾರಿ ಕಾಯುವ
ಶಂಕ್ರೆವ್ವ

ತಾ.ಕ.: ಬರುವ ಮೊದಲು ಇದು ನಿನಗೆ ಗೊತ್ತಿರಬೇಕು. ವಿಡಿಯೊದಲ್ಲಿ ಕಂಡದ್ದು ಬರೀ ಕೈ. ಉರುಸಿನಲ್ಲಿ ಇಬ್ಬರೂ ಒಂದೇ ಥರದ ಹಸಿರು ಬಳೆ ಇಡಿಸಿಕೊಂಡಿದ್ದೆವು. ಯಾರ ಕೈಯೆಂದು ಸಾವುಕಾರರಿಗೆ ತಿಳಿಯಲಿಲ್ಲ, ನನ್ನನ್ನು ಕರೆದು ಕೇಳಿದರು. ಯಂತ್ರ ಬಂದ ಮೇಲೆ ಒಬ್ಬರನ್ನೇ ಇಟ್ಟುಕೊಳ್ಳುತ್ತಾರೆಂದು ನನಗೆ ಗೊತ್ತಿತ್ತು. "ಅಕಿದೈತ್ರಿ, ನಜಮಾಂದು" ಎಂದವಳು ನಾನು.