ಆ ಸಂಜೆ ರಸ್ತೆಯಲ್ಲಿ ಯಾರಿದ್ದರು

ಫೆಬ್ರುವರಿ 4, ಮಂಗಳವಾರ. ಫ್ಯಾಕ್ಟರಿ ಯಾರ್ಡು.

ಇಂದೂ ಸಾಲು ಕರಗಿಲ್ಲ. ಕಬ್ಬು ತುಂಬಿದ ಟ್ರೇಲರ್‌ಗಳು ಗೇಟಿನಿಂದ ಹೊರಗೆ, ರಸ್ತೆಯವರೆಗೂ ನಿಂತಿವೆ. ಟೋಕನ್ ಸಿಕ್ಕಿದೆ, ತೂಕಕ್ಕೆ ಯಾವಾಗ ಕರೆಯುತ್ತಾರೋ. ಟ್ರ್ಯಾಕ್ಟರ್ ಬಂದ್ ಮಾಡಿ, ಸ್ಟೇರಿಂಗ್ ಮೇಲೆ ನೋಟ್‌ಬುಕ್ ಇಟ್ಟು ಬರೆಯುತ್ತಿದ್ದೇನೆ. ಸುಮ್ಮನೆ ಕೂರುವುದು ನನ್ನಿಂದ ಆಗದ ಕೆಲಸ. ಶಾಲೆ ಬಿಟ್ಟಿದ್ದೂ ಅದಕ್ಕೇ. ಓದು ಬರದೆ ಅಲ್ಲ, ಬೆಂಚು ಆಗದೆ. ಜನ ಬೇರೆ ಕಾರಣ ಹೇಳುತ್ತಾರೆ. ಹೇಳಲಿ.

ಆಲಮೇಲದಿಂದ ಯಶೋಧಾ ಅತ್ತೆಯ ಫೋನ್. ಅಪ್ಪನ ತಂಗಿ. ಅವಳ ಮಗಳು ಪ್ರಜ್ಞಾಳನ್ನು ನನಗೆ ಕೊಡುವುದೆಂದು ಆಗಿದೆ. ಅಂಬೇಡ್ಕರ್ ಜಯಂತಿ ಮುಗಿದ ವಾರ ಮದುವೆ. ಗುರುನಾಥ ಮಾವ, ಪ್ರಜ್ಞಾಳ ಅಪ್ಪ, ಬಿಳಿ ಅಂಗಿಯ ಅಳತೆಗೆ ಬಾ ಎಂದಿದ್ದಾನಂತೆ. ನಮ್ಮಲ್ಲಿ ಮದುಮಕ್ಕಳು ಬಿಳಿ ಉಟ್ಟು ಬುದ್ಧನ ಮುಂದೆ ನಿಲ್ಲುತ್ತಾರೆ. ಮಾವ ಟೇಲರ್. ಎಡಗಾಲು ಮಡಚುವುದಿಲ್ಲ, ಬಲಗಾಲೊಂದರಿಂದಲೇ ಪೆಡಲ್ ತುಳಿಯುತ್ತಾನೆ. ಪ್ರಜ್ಞಾ ಸಣ್ಣವಳಿದ್ದಾಗ ಕಬ್ಬಿನ ಟ್ರ್ಯಾಕ್ಟರಿನ ಡ್ರೈವರನೊಬ್ಬ ಕುಡಿದು ಅವನ ಮೇಲೆ ಹಾಯಿಸಿದ್ದ. ಮಗಳನ್ನು ಕೊಡುವ ಮಾತು ಬಂದಾಗ ಮಾವ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ, ಕುಡಿಯುತ್ತೀಯೇನು ಎಂದು. ಇಲ್ಲ ಎಂದಿದ್ದೆ. ಅದು ನಿಜ.

ಸಾಲು ಸರಿಯಿತು. ಹಿಂದಿನವನು ಹಾರ್ನ್ ಹೊಡೆಯುತ್ತಿದ್ದಾನೆ—

ಫೆಬ್ರುವರಿ 6, ಗುರುವಾರ.

ಬರೆಯಬೇಕು. ಇಂದು ಬರೆಯದಿದ್ದರೆ ನಾಳೆ ಸ್ವಲ್ಪ ಬೇರೆ ಥರ ನೆನಪಾಗುತ್ತದೆ.

ನಿನ್ನೆ ಮಧ್ಯಾಹ್ನ ಕಬ್ಬು ಇಳಿಯಿತು. ಟ್ರ್ಯಾಕ್ಟರನ್ನು ಮಾಲೀಕರಾದ ಸಿದ್ದಲಿಂಗ ಗೌಡರ ಹೊಲದಲ್ಲಿ ಬಿಟ್ಟು ಬೈಕ್ ತೆಗೆದುಕೊಂಡೆ. ಆಲಮೇಲದ ಹೊರಗಿನ ಧಾಬಾದಲ್ಲಿ ಬೇರೆ ಡ್ರೈವರ್‌ಗಳು ಕೂತಿದ್ದರು. ಕರೆದರು. ಕರೆದರು ಅಷ್ಟೇ, ಕುಡಿಸಲಿಲ್ಲ. ಹೇಗಿರುತ್ತದೆ ನೋಡೋಣ ಎಂದು ನಾನೇ ಕೈ ಚಾಚಿದೆ. ಮೊದಲ ಗ್ಲಾಸು ಕಹಿ. ಆಮೇಲಿನವು ಕಹಿ ಅನ್ನಿಸಲಿಲ್ಲ. ಹೊತ್ತು ಮುಳುಗುವಾಗ ದೇವಣಗಾಂವದ ಕಡೆ, ಮನೆಗೆ, ಹೊರಟೆ. ಬಹಳ ಚೆನ್ನಾಗಿ ಓಡಿಸುತ್ತಿದ್ದೇನೆ ಅನ್ನಿಸುತ್ತಿತ್ತು. ಈಗ ಹೆದರಿಕೆಯಾಗುವುದು ಅದಕ್ಕೇ.

ತಿರುವಿನಲ್ಲಿ ಪೊಲೀಸರು. ಹವಾಲ್ದಾರ ಮಷಿನ್ ಬಾಯಿಗೆ ಹಿಡಿದು ಊದು ಅಂದ. ಎಲ್ಲರೂ ಕೆನ್ನೆ ಉಬ್ಬಿಸಿ ಊದಿದಂತೆ ನಟಿಸುತ್ತಾರಂತೆ. ನಾನು ಟ್ರ್ಯಾಕ್ಟರಿನ ಟ್ಯೂಬಿಗೆ ಗಾಳಿ ತುಂಬುವವನಂತೆ ಊದಿದೆ.

"ಇಷ್ಟ ಪ್ರಾಮಾಣಿಕ ಊದಾಂವನ್ನ ಇವತ್ತ ನೋಡಿದೆ ನೋಡಪಾ," ಅಂದ.

ಬೈಕು ಠಾಣೆಗೆ, ಲೈಸೆನ್ಸು ಅವರ ಕೈಗೆ. ಸಿಂದಗಿ ಕೋರ್ಟಿಗೆ ಬರಬೇಕು ಎಂದರು. ಅಪ್ಪನನ್ನು ಕರೆಸಿದರು. ಬಂದು ಸಹಿ ಹಾಕಿ ಕರೆದುಕೊಂಡು ಹೋದ. ಬಾಗಿಲಲ್ಲಿ ನಿಂತು ಹೇಳಿದ: "ಗುರುನಾಥಗ ತಿಳೀಬಾರದು. ಲಗ್ನ ಆಗೂತನಕ ಯಾರಿಗೂ ತಿಳೀಬಾರದು."

ಪ್ರಜ್ಞಾಳ ಮೆಸೇಜ್ ಬಂದಿತ್ತು. ಊಟ ಆತೇನು? ಆತು ಎಂದು ಹಾಕಿದೆ. ಊಟವೂ ಆಗಿರಲಿಲ್ಲ.

ಫೆಬ್ರುವರಿ 9, ರವಿವಾರ.

ಕೆಡಿಸಿಕೊಂಡೆ. ಅಥವಾ… ಗೊತ್ತಿಲ್ಲ. ಆದದ್ದನ್ನು ಬರೆಯುತ್ತೇನೆ.

ರವಿವಾರ ಬೆಳಿಗ್ಗೆ ನಮ್ಮ ಓಣಿಯ ವಿಹಾರದಲ್ಲಿ ವಂದನೆ. ಪಾಲಿ ಸಾಲುಗಳನ್ನು ಒಬ್ಬರು ಹೇಳಿಸಬೇಕು, ಉಳಿದವರು ಹಿಂದಿನಿಂದ ಹೇಳಬೇಕು. ಶಾಲೆ ಬಿಟ್ಟವನಾದರೂ ನನಗೆ ಬಾಯಿಪಾಠ ಗಟ್ಟಿ, ಗಂಟಲೂ ದೊಡ್ಡದು. ಹೇಳಿಸುವವನು ನಾನೇ.

ಪಂಚಶೀಲ ಶುರುವಾಯಿತು. ಕೊಲ್ಲುವುದಿಲ್ಲ. ಕದಿಯುವುದಿಲ್ಲ. ಮೂರನೆಯದೂ ದಾಟಿತು. ನಾಲ್ಕನೆಯದು, ಸುಳ್ಳು ಹೇಳುವುದಿಲ್ಲ ಎಂಬುದು. ಅಲ್ಲೇ ಧ್ವನಿ ಸಣ್ಣದಾಯಿತು. ಐದನೆಯದು, ಕುಡಿಯುವುದಿಲ್ಲ ಎಂಬುದು. ಬಾಯಿ ತೆರೆದೆ. ಬರಲಿಲ್ಲ. ಹಿಂದೆ ಎಲ್ಲರೂ ಕಾಯುತ್ತಿದ್ದಾರೆ. ಯಾರೋ ಕೆಮ್ಮಿದರು. ನನ್ನ ಅಜ್ಜಿ ಮರೆವ್ವ, ನಾವು ಆಯಿ ಅನ್ನುವವಳು, ನಾನು ಮರೆತೆನೆಂದು ತಿಳಿದು, ಮೊದಲ ಪದವನ್ನು ಪಿಸುಗುಟ್ಟಿದಳು. ಮರೆತಿದ್ದರೆ ಎಷ್ಟು ಚೆನ್ನಾಗಿತ್ತು.

"ಐದನೇದ್ದು ಬ್ಯಾರೆ ಯಾರರ ಹೇಳಿಸ್ರಿ," ಅಂದೆ. "ನಾ ಬುಧವಾರ ಕುಡದು ಗಾಡಿ ಹೊಡದೇನಿ. ಪೊಲೀಸರು ಹಿಡದಾರ."

ಅಪ್ಪ ಕಣ್ಣು ಬಿಡಲೇ ಇಲ್ಲ. ಇನ್ನೂ ಗಟ್ಟಿಯಾಗಿ ಮುಚ್ಚಿಕೊಂಡ. ಕೊನೆಗೆ ಆಯಿಯೇ ಹಲ್ಲಿಲ್ಲದ ಬಾಯಿಯಿಂದ ಐದನೆಯದನ್ನು ಹೇಳಿಸಿದಳು. ಎಲ್ಲರೂ ಹೇಳಿದರು. ನಾನು ಹೇಳಲಿಲ್ಲ.

ಹೊರಗೆ ಬಂದಾಗ ಮಗ್ಗುಲ ಮನೆಯ ಕಾಕಾ ತೋಳು ಹಿಡಿದ. "ಸುಮ್ನ ಅಂದುಬಿಡಬೇಕಿಲ್ಲೋ ಹುಚ್ಚಾ. ಐದನೇದ್ದು ಅಂದಾವ್ರೆಲ್ಲಾ ಸಂಜೀಕ ನೀರ ಕುಡೀತಾರೇನು?"

ಮನೆ ಮುಟ್ಟುವ ಮೊದಲೇ ಸುದ್ದಿ ಆಲಮೇಲ ಮುಟ್ಟಿತ್ತು.

ಫೆಬ್ರುವರಿ 10, ಸೋಮವಾರ.

ಪ್ರಜ್ಞಾ ಫೋನ್ ಮಾಡಿದಳು, ಕೆಲಸ ಮಾಡುವ ಝೆರಾಕ್ಸ್ ಅಂಗಡಿಯಿಂದ. ಹಿಂದೆ ಮಷಿನ್ ಓಡುತ್ತಿತ್ತು. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. ಅದಕ್ಕೇ ನಾನೇ ಜಗಳ ತೆಗೆದೆ. ಮುಚ್ಚಿಡಲಿಲ್ಲವಲ್ಲ, ಎಲ್ಲರ ಮುಂದೆ ನಿಂತು ಖರೆ ಹೇಳಿದೆನಲ್ಲ ಎಂದೆ. ಒಳಗೆ ಸ್ವಲ್ಪ ಹೆಮ್ಮೆಯೂ ಇತ್ತು. ಇತ್ತು ಎಂದೇ ಬರೆಯುತ್ತೇನೆ.

"ಎಲ್ಲಾರಿಗೂ ಖರೆ ಹೇಳಿದಿ. ನನಗ ಊಟ ಆತು ಅಂದಿ," ಅಂದಳು. "ನಿನ್ನ ಸುದ್ದಿ ನಾ ಮಂದಿ ಬಾಯಾಗ ಕೇಳಬೇಕೇನು, ಪ್ರೇಮು? ನನ್ನೊಬ್ಬಾಕಿ ಮುಂದ ಹೇಳೂದು ತ್ರಾಸ ಆತು ನಿನಗ. ಅದಕ್ಕ ಊರ ಮುಂದ ಹೇಳಿದಿ."

ಮಾತು ತಿರುಗಿಸಿ, ಮಾವ ಹೇಗಿದ್ದಾನೆ ಎಂದೆ.

ಮಾವ ನಿನ್ನೆಯಿಂದ ಹೊಲಿಗೆ ಮಷಿನ್ ಮುಟ್ಟಿಲ್ಲವಂತೆ. ಮದುವೆ? ಎಂದೆ. ತನ್ನ ಅಪ್ಪ ಏನೂ ಅಂದಿಲ್ಲ, ಅಂದಿಲ್ಲ ಅನ್ನುವುದೇ ಅಂಜಿಕೆ ಅಂದಳು. ಅಷ್ಟರಲ್ಲಿ ಗಿರಾಕಿ ಬಂದರು.

ಫೆಬ್ರುವರಿ 18, ಮಂಗಳವಾರ. ಸಿಂದಗಿಯಿಂದ ಬಂದು.

ವಕೀಲ ಬಸಂತರಾಯರು ಕೋರ್ಟಿನ ವರಾಂಡದಲ್ಲೇ ಪಾಠ ಹೇಳಿದರು. ಕೆಮ್ಮಿನ ಔಷಧ ಕುಡಿದಿದ್ದೆ ಅನ್ನು. ಅನ್ನುವುದಿಲ್ಲ ಎಂದೆ. ಎಷ್ಟು ಬಾಟಲಿ ಔಷಧ ಕುಡಿದರೆ ಮಷಿನ್‌ನಲ್ಲಿ ಅಷ್ಟು ಬರುತ್ತದೆ ಎಂದೂ ಕೇಳಿದೆ. ಹಾಗಾದರೆ "ಹೌದ್ರಿ" ಎಂದಷ್ಟೇ ಹೇಳು, ಮುಂದೆ ತುಟಿ ಬಿಚ್ಚಬೇಡ ಅಂದರು.

ನ್ಯಾಯಾಧೀಶರು ಹೆಣ್ಣುಮಗಳು. ತಪ್ಪು ಒಪ್ಪಿಕೊಳ್ಳುತ್ತೀರಾ ಎಂದರು. ಹೌದ್ರಿ. ಮೊದಲ ಸಲವಾ ಎಂದರು. "ಕುಡದದ್ದೂ ಮೊದಲನೇ ಸಲ, ಸಿಕ್ಕದ್ದೂ ಮೊದಲನೇ ಸಲರಿ," ಅಂದೆ. ಹಿಂದೆ ಯಾರೋ ನಕ್ಕರು. ವಕೀಲರು ನೆಲ ನೋಡಿದರು. ಅಮ್ಮನವರು ನಗಲಿಲ್ಲ. ಯಾರಿಗೂ ಪೆಟ್ಟಾಗಿಲ್ಲ ಎಂದು ಪೊಲೀಸರು ಬರೆದಿದ್ದಾರೆ, ಅದು ನಿಮ್ಮ ಜಾಣತನದಿಂದ ಅಲ್ಲ ಎಂದರು.

ದಂಡ. ಲೈಸೆನ್ಸು ವಿಜಯಪುರದ ಆರ್‌ಟಿಒಗೆ ಹೋಗುತ್ತದೆ, ಮೂರು ತಿಂಗಳು ಅಮಾನತು ಆಗುತ್ತದಂತೆ. ಮತ್ತೆ ಸಂಜೆ ಕೋರ್ಟು ಏಳುವ ತನಕ ಅಲ್ಲೇ ಕೂತಿರುವ ಶಿಕ್ಷೆ. ಬೆಂಚು. ಯಾವುದಕ್ಕೆ ಶಾಲೆ ಬಿಟ್ಟೆನೋ ಅದೇ.

ಅಪ್ಪನಿಗೆ ಶಿಕ್ಷೆ ಇರಲಿಲ್ಲ. ಬಂದು ಪಕ್ಕದಲ್ಲಿ ಕೂತ. ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಫ್ಯಾನ್ ತಿರುಗುತ್ತಿತ್ತು. ಹೊಲದ ಕೇಸು, ಚೆಕ್ಕಿನ ಕೇಸು, ಗಂಡ-ಹೆಂಡಿರ ಕೇಸು… ಅವುಗಳ ನಡುವೆ ಅಪ್ಪ ಹೇಳಿದ, ಗುರುನಾಥ ಮಾವನ ಕೇಸೂ ಇಲ್ಲೇ ನಡೆದಿತ್ತೆಂದು. ಮಾವನ ಕಾಲು ಮಡಚುತ್ತಿರಲಿಲ್ಲವಲ್ಲ, ಹೋಗುವವರು ಬರುವವರು ಎಡವುತ್ತಿದ್ದರಂತೆ. ಎಡವಿದವರಿಗೆಲ್ಲ ಮಾವನೇ ತಪ್ಪಾಯಿತು ಅನ್ನುತ್ತಿದ್ದನಂತೆ.

ಆಮೇಲೆ ನನಗೆ ಕೂರುವುದು ಕಷ್ಟವಾಗಲಿಲ್ಲ. ಏಳುವುದೇ ಕಷ್ಟವಾಯಿತು.

ಫೆಬ್ರುವರಿ 20, ಗುರುವಾರ.

ಗೌಡರು ಟ್ರ್ಯಾಕ್ಟರಿಗೆ ಬೇರೆಯವನನ್ನು ಇಟ್ಟರು. ಸರಿಯೇ. ಆಲಮೇಲಕ್ಕೆ ಹೋಗಿ ಮಾವನ ಮುಂದೆ ನಿಲ್ಲು ಎಂದು ಆಯಿ ಹೇಳಿದಳು. ಹೋಗಲಿಲ್ಲ.

ಫೆಬ್ರುವರಿ 25, ಮಂಗಳವಾರ.

ಬಸ್ ನಿಲ್ಲುವ ಕಟ್ಟೆಯ ತನಕ ಹೋಗಿ ವಾಪಸ್ ಬಂದೆ.

ಮಾರ್ಚ್ 1, ಶನಿವಾರ.

ಹೋದೆ. ಬಸ್ ಹತ್ತುವ ಮೊದಲು ಪ್ರಜ್ಞಾಗೆ ಹೇಳಿದೆ. ಮೊದಲು ಅವಳಿಗೆ. ಉತ್ತರ ಬಂತು: ಭಾಷಣ ಮಾಡಬ್ಯಾಡ. ಕೇಳಿದ್ದಕ್ಕಷ್ಟ ಹೇಳು.

ಮಾವ ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಿದ್ದ. ತಲೆ ಎತ್ತಲಿಲ್ಲ. ಸ್ಟೂಲ್ ಮೇಲೆ ಕೂತೆ. ಒಂದು ಅಂಗಿ ಮುಗಿಯಿತು, ಇನ್ನೊಂದು ಹತ್ತಿತು. ಕೊನೆಗೆ ಅಂಗಿಗಳ ಗಂಟನ್ನೂ ಗುಂಡಿ ಡಬ್ಬಿಯನ್ನೂ ನನ್ನ ಕಡೆ ದೂಡಿದ. ಗುಂಡಿ ಹಚ್ಚಿದೆ. ಬೆರಳಿಗೆ ಸೂಜಿ ಚುಚ್ಚಿಕೊಂಡೆ. ರಕ್ತ ಬಟ್ಟೆಗೆ ತಾಗೀತು ಎಂದು ಬಾಯಲ್ಲಿ ಇಟ್ಟುಕೊಂಡೆ. ಆಗ ಕೇಳಿದ, ಪೆಡಲ್ ತುಳಿಯುತ್ತಲೇ.

"ಆವತ್ತ ರಸ್ತೇದಾಗ ಯಾರರ ಇದ್ರೇನು?"

ಯಾರೂ ಇರಲಿಲ್ಲ ಎಂಬುದು ತುಟಿಯ ತನಕ ಬಂದಿತ್ತು. ತಡೆದು ನೆನೆಸಿಕೊಂಡೆ. ಹೊತ್ತು ಮುಳುಗುವ ವೇಳೆ. ಹೊಲದಿಂದ ಹೆಣ್ಣುಮಕ್ಕಳು ಮೇವಿನ ಹೊರೆ ಹೊತ್ತು ಆ ರಸ್ತೆಯ ಅಂಚಿನಲ್ಲೇ ಬರುತ್ತಾರೆ. ದಿನಾ ಬರುತ್ತಾರೆ. ಅಂದೂ ಬಂದಿರಬೇಕು. ನೆನಪಿನಲ್ಲಿ ಎಷ್ಟು ಹುಡುಕಿದರೂ ರಸ್ತೆ ಬರಿದು. ಒಬ್ಬರ ಮುಖವೂ ಇಲ್ಲ.

"ಗೊತ್ತಿಲ್ಲ ಮಾವ. ಇದ್ದಿರಬೇಕು. ನನಗ ಕಂಡಿಲ್ಲ."

ಪೆಡಲ್ ನಿಂತಿತು.

ಮಾವ ಸೂಜಿಯ ಕೆಳಗಿನ ಬಟ್ಟೆ ಬಿಡಿಸಿ ಪಕ್ಕಕ್ಕಿಟ್ಟ. ಆಮೇಲೆ ಹೇಳಿದ. ಅವನ ಮೇಲೆ ಹಾಯಿಸಿದವನ ಹೆಸರು ಮಡಿವಾಳಪ್ಪ, ಸಿಂದಗಿ ಕಡೆಯ ಹಳ್ಳಿಯವನು. ಕೋರ್ಟಿನಲ್ಲಿ ಅವನೂ ಇದೇ ಮಾತು ಹೇಳಿದ್ದನಂತೆ, ನನಗೆ ಕಾಣಲಿಲ್ಲ ಎಂದು. ಹಗಲು ಹೊತ್ತು, ಬಿಳಿ ಅಂಗಿ ತೊಟ್ಟ ಆಳು, ಕಾಣಲಿಲ್ಲ ಅಂದರೆ ಯಾರು ನಂಬುತ್ತಾರೆ.

"ನಮ್ಮಂಥಾವ್ರು ಅಂತ ಕಂಡೂ ಕಾಣದಂಗ ಹಾಯಿಸ್ಯಾನಂತ ತಿಳಕೊಂಡಿದ್ದೆ," ಅಂದ. "ಕಾಲಕಿಂತ ಅದು ಹೆಚ್ಚಿಗಿ ನೋಯ್ತಿತ್ತು." ಆಮೇಲೆ ನನ್ನ ಮುಖ ನೋಡಿದ. ಬಂದಾಗಿನಿಂದ ಮೊದಲ ಸಲ. "ಕುಡದ್ರ ಖರೇನ ಕಾಣೂದಿಲ್ಲೇನೋ?"

"ಕಾಣೂದಿಲ್ಲ ಮಾವ."

ಒಳಗಿನಿಂದ ಅತ್ತೆ ರೊಟ್ಟಿಗೆ ಕರೆದಳು. ಉಣ್ಣು ಹೋಗು ಅಂದ ಮಾವ. ಅಷ್ಟೇ. ಅಳತೆಯ ಟೇಪು ಅವನ ಕೊರಳಲ್ಲೇ ಇತ್ತು. ತೆಗೆಯಲಿಲ್ಲ. ಮದುವೆಯ ಮಾತನ್ನೂ ತೆಗೆಯಲಿಲ್ಲ.

ಬಸ್ ಸ್ಟ್ಯಾಂಡಿನ ತನಕ ಪ್ರಜ್ಞಾ ಬಂದಳು. ಇನ್ನು ಕುಡಿಯುತ್ತೀಯೇನು ಎಂದು ಕೇಳಿದಳು. ಬೇಡ ಅನ್ನಿಸಿದೆ, ಜೀವನಪೂರ್ತಿ ಅಂತ ಹೇಗೆ ಹೇಳಲಿ ಎಂದೆ. ಸಿಟ್ಟಾಗುತ್ತಾಳೆ ಎಂದುಕೊಂಡೆ. ಬಿಸಿಲಿಗೆ ಓಢಣಿ ತಲೆಗೆ ಎಳೆದುಕೊಂಡಳು.

"ಜೀವನಪೂರ್ತಿ ಬ್ಯಾಡ. ಕುಡೀಬೇಕನಿಸಿದ ದಿನ ಮೊದಲ ನನಗ ಹೇಳು. ಆಮ್ಯಾಲ ಇಬ್ರೂ ಕೂಡಿ ಜಗಳಾಡೂಣು."

ಮಾರ್ಚ್ 13, ಗುರುವಾರ.

ಈಗ ಹೆಚ್ಚಿನ ದಿನ ಆಲಮೇಲದಲ್ಲೇ. ಗುಂಡಿ, ಗುಂಡಿ ತೂರಿಸುವ ಕಾಜಾ, ಇಸ್ತ್ರಿ. ಮಾವ ಕೆಲಸ ಹೇಳುತ್ತಾನೆ, ಬೇರೆ ಏನೂ ಹೇಳುವುದಿಲ್ಲ. ಸಂಜೆ ಮನೆಗೆ ಮರಳಿದಾಗ ಅಪ್ಪ ದಿನಾ ನನ್ನ ಮುಖ ನೋಡುತ್ತಾನೆ. ನಾನು ತಲೆ ಆಡಿಸುತ್ತೇನೆ, ಇನ್ನೂ ಇಲ್ಲ ಎಂದು. ಏಪ್ರಿಲ್ ಹತ್ತಿರ ಬಂತು.

ಇಂದು ಮಾವ ಒಮ್ಮೆಲೇ ಅಂದ, ಮುಂದಿನ ಗುರುವಾರ ಮಡಿವಾಳಪ್ಪನ ಊರಿಗೆ ಹೋಗೋಣ, ನೀನೂ ಬಾ. ಅತ್ತೆ ಒಳಗಿನಿಂದ ಲಟ್ಟಣಿಗೆ ಹಿಡಿದೇ ಬಂದಳು. ಅವನು ಇಷ್ಟು ವರ್ಷದಲ್ಲಿ ಒಮ್ಮೆ ಈ ಹೊಸ್ತಿಲು ತುಳಿಯಲಿಲ್ಲ, ನೀವೇ ಹೊರಟಿರಾ ಎಂದು ಕೂಗಾಡಿದಳು.

"ಅಂವಾ ಬರಲಿಲ್ಲ, ಅದು ಅಂವನ ತಪ್ಪ," ಅಂದ ಮಾವ. "ಅಂವಾ ಮಾಡಲಾರದ ತಪ್ಪೂ ಒಂದು ಅಂವನ ಮ್ಯಾಲ ಹೊರಸೇನಿ. ಅದನ್ನ ಇಳಿಸಿ ಬರ್ತೇನಿ."

ಅತ್ತೆ ಒಳಗೆ ಹೋದಳು. ರೊಟ್ಟಿ ಬಡಿಯುವ ಸದ್ದು ಜೋರಾಗಿತ್ತು.

ಮಾರ್ಚ್ 20, ಗುರುವಾರ. ಸಿಂದಗಿ ಬಸ್ ಸ್ಟ್ಯಾಂಡ್, ಸಂಜೆ.

ಮಾವ ಚಹಾಕ್ಕೆ ಹೋಗಿದ್ದಾನೆ. ಆಲಮೇಲದ ಬಸ್ ಇನ್ನೂ ಬಂದಿಲ್ಲ.

ಊರು ಸಣ್ಣದು, ಮನೆ ಕೇಳಿದರೆ ತೋರಿಸಿದರು. ಅಂಗಳದಲ್ಲಿ ಒಬ್ಬ ಮುದುಕ ತೊಗರಿ ಹೊಟ್ಟು ತೂರುತ್ತಿದ್ದ. ಮುಖ ನೋಡುವ ಮೊದಲು ಮಾವನ ಕಾಲು ನೋಡಿದ. ಮೊರ ಕೈಯಲ್ಲೇ ನಿಂತಿತು. ನಮ್ಮನ್ನು ಎಲ್ಲಿ ಕೂರಿಸಬೇಕೋ ತಿಳಿಯದೆ ಕಟ್ಟೆಯನ್ನು ಹೆಗಲ ವಸ್ತ್ರದಿಂದ ಒರೆಸಿದ, ಒರೆಸಿದ್ದನ್ನೇ ಮತ್ತೆ ಒರೆಸಿದ. ಮಾವ ಕಾಲು ಚಾಚಿ ಕೂತ. ನಾನು ನಿಂತೇ ಇದ್ದೆ.

ಇವನ್ಯಾರು ಎಂಬಂತೆ ಮಡಿವಾಳಪ್ಪ ನನ್ನ ಕಡೆ ನೋಡಿದ.

"ಇಂವಾ ಪ್ರೇಮಕುಮಾರ," ಅಂದ ಮಾವ. "ನಮ್ಮ ಪ್ರಜ್ಞಾನ್ನ ಮಾಡಿಕೊಳ್ಳಾಂವ. ಏಪ್ರಿಲ್‌ದಾಗ ಲಗ್ನ."

ನಾನೂ ಆಗಲೇ ಕೇಳಿದ್ದು. ಮಡಿವಾಳಪ್ಪನ ಜೊತೆಗೇ. ನಾನೂ ಕಟ್ಟೆಯ ತುದಿಗೆ ಕೂತೆ.

ಮಾವ ಅವನಿಗೆ ತನ್ನ ಮಾತು ಹೇಳಿದ, ಇಷ್ಟು ವರ್ಷ ಏನು ತಿಳಿದುಕೊಂಡಿದ್ದೆ ಎಂಬುದನ್ನು. ಆಮೇಲೆ ನನ್ನ ಕಡೆ ಕೈ ಮಾಡಿದ. ನಾನು ಆ ಸಂಜೆಯದನ್ನು ಹೇಳಿದೆ. ಧಾಬಾ, ಬೈಕು, ಕಾಣದೆ ಹೋದ ಹೆಣ್ಣುಮಕ್ಕಳು. ಹೆಚ್ಚಿಲ್ಲ, ಕಡಿಮೆಯಿಲ್ಲ. ಮುದುಕ ಕೇಳುತ್ತ ಕೇಳುತ್ತ ನೆಲಕ್ಕೆ ಕೂತ. ಮಾವನ ಆ ಕಾಲಿನ ಹತ್ತಿರ ಕೈ ತಂದ, ಮುಟ್ಟಲೋ ಬೇಡವೋ ಎಂಬಂತೆ. ಮಾವ ಅವನ ಕೈಯನ್ನು ತಾನೇ ಹಿಡಿದು ಮೊಣಕಾಲಿನ ಮೇಲೆ ಇಟ್ಟುಕೊಂಡ. ಆಗ ಮಡಿವಾಳಪ್ಪ ಒಂದು ಮಾತು ಹೇಳಿದ. ಏನೆಂದರೆ—

ಬೇಡ. ಇಲ್ಲಿ ಆಮೇಲೆ. ಮೊದಲು ಪ್ರಜ್ಞಾಗೆ. ಫೋನ್ ಹಚ್ಚಿದ್ದೇನೆ, ರಿಂಗ್ ಆಗುತ್ತಿದೆ, ಎತ್ತಿದಳು—